ಹತ್ತು ಜನ ಸೇರಿ ಮಾಡುವ ತೀರ್ಮಾನ

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ, ಹೇಮಾವತಿ ನದಿಯ ದಡದಲ್ಲಿ, ರಥಸಪ್ತಮಿಯ ಸುಮಾರಿಗೆ ದನಗಳ ಜಾತ್ರೆ ನೆರೆಯುತ್ತದೆ. ಒಂದು ಜೊತೆ ಹಳ್ಳಿಕಾರ್ ಎತ್ತುಗಳ ಮುಂದೆ ನಾಲ್ಕು ಜನ ನಿಂತರೆ ನಾಲ್ಕು ಬೆಲೆ ಹುಟ್ಟುವುದು ಸಹಜ. ಹಲ್ಲು ನೋಡುವವನೊಬ್ಬ, ಸುಳಿ ನೋಡುವವನೊಬ್ಬ, ನಡಿಗೆ ನೋಡುವವನು ಮತ್ತೊಬ್ಬ. ನಮ್ಮ ದನದ ಜಾತ್ರೆಗಳಲ್ಲಿ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ತಿಳಿಸುವ ಪದ್ಧತಿಯೂ ಹಳೆಯದು. ಅದನ್ನು ಗುಟ್ಟಿನ ವ್ಯಾಪಾರವೆಂದು ಹಳಿಯುವವರುಂಟು. ಆದರೆ ಅದರಲ್ಲಿ ಒಂದು ಗುಣವೂ ಇದೆ: ಒಬ್ಬನ ಬೆಲೆ ಮತ್ತೊಬ್ಬನ ಅಂದಾಜನ್ನು ಕೆಡಿಸುವುದಿಲ್ಲ.

ಈ ಗುಣದ ಬೆಲೆ ಎಷ್ಟೆಂಬುದು ಇನ್ನೊಂದು ಜಾನುವಾರು ಪ್ರದರ್ಶನದಿಂದ ತಿಳಿದುಬಂತು. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ತಿನಲ್ಲಿ ಒಂದು ಕೊಬ್ಬಿದ ಎತ್ತನ್ನು ನಿಲ್ಲಿಸಿ, ಕೊಯ್ದು ಹಸನು ಮಾಡಿದ ಮೇಲೆ ಅದು ಎಷ್ಟು ತೂಗೀತೆಂದು ಊಹಿಸುವ ಪಂದ್ಯವಿಟ್ಟಿದ್ದರು. (ಉಳುವ ಎತ್ತನ್ನು ಪೂಜಿಸುವ ನಮ್ಮ ಜಾತ್ರೆಗೆ ಈ ಪಂದ್ಯ ಒಗ್ಗದು; ಲೆಕ್ಕವನ್ನು ಮಾತ್ರ ತೆಗೆದುಕೊಳ್ಳೋಣ.) ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಆ ಚೀಟಿಗಳನ್ನು ತರಿಸಿಕೊಂಡು, ಓದಲು ಬಂದ 787 ಚೀಟಿಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿ, ನಡುವಿನದನ್ನು ನೋಡಿದರು. ಅದು 1207 ಪೌಂಡು. ನಿಜವಾದ ತೂಕ 1198. ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲ! ಕಟುಕರೂ ರೈತರೂ ಏನೂ ಅರಿಯದವರೂ ಕೂಡಿದ ಗುಂಪು ಅದು.

ಈಗ ಕಚೇರಿಗಳಲ್ಲಿಯೂ ತರಬೇತಿ ಶಿಬಿರಗಳಲ್ಲಿಯೂ ಜನರನ್ನು ಗುಂಪುಮಾಡಿ ಇಂಥ ಆಟಗಳನ್ನು ಆಡಿಸುತ್ತಾರೆ. ಮನೆಯಲ್ಲಿಯೂ ಆಡಬಹುದು. ಒಂದು ಶೀಶೆಯಲ್ಲಿ ಕಡಲೆಕಾಳು ತುಂಬಿ, ಎಷ್ಟು ಕಾಳಿದೆಯೆಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಲಿ. ಇನ್ನೊಂದು ಸಲ ಬೇರೆ ಶೀಶೆಯಿಟ್ಟು, ಮನೆಯ ಹಿರಿಯರು ಮೊದಲು ಗಟ್ಟಿಯಾಗಿ ಹೇಳಲಿ. ಉಳಿದವರ ಸಂಖ್ಯೆಗಳು ಹಿರಿಯರ ಸಂಖ್ಯೆಯ ಬೆನ್ನು ಹತ್ತುತ್ತವೆಯೋ ಇಲ್ಲವೋ ನೋಡಿರಿ. ಯಜಮಾನರು ತಪ್ಪಿದರೆ ಮನೆಯೆಲ್ಲ ಒಟ್ಟಿಗೆ ತಪ್ಪುವ ಅಪಾಯ ಇಲ್ಲಿಯೇ ಇರುವುದು. ನಮ್ಮ ಪಂಚಾಯಿತಿ ಕಟ್ಟೆಗಳಲ್ಲಿ ಮೊದಲು ಬಾಯಿ ತೆರೆಯುವವರು ಯಾರೆಂಬುದನ್ನು ನಾನು ಹೇಳಬೇಕಾಗಿಲ್ಲ.

ಆದರೆ ಎಲ್ಲ ತೀರ್ಮಾನಗಳೂ ತೂಕದ ಊಹೆಗಳಲ್ಲ. ಎತ್ತಿನ ತೂಕ ಎಲ್ಲರಿಗೂ ಒಂದೇ. ನೀರಿನ ಮಾತು ಹಾಗಲ್ಲ. ಹೇಮಗಿರಿಯಲ್ಲಿಯೇ ಹೇಮಾವತಿಗೆ ಅಣೆ ಕಟ್ಟಿ ನಾಲೆ ತೆಗೆದಿದ್ದಾರೆ. ಯಾವ ನಾಲೆಯಾದರೂ ಸರಿ, ಮೊದಲ ತೂಬಿನವನಿಗೆ ಕಾಣುವ ನೀರು ಬೇರೆ, ಕೊನೆಯ ಗದ್ದೆಯವನಿಗೆ ಕಾಣುವುದು ಬೇರೆ. ಇಲ್ಲಿ ಚೀಟಿ ಸಾಲದು. ಮೇಲಿನವನು ಕೆಳಗೆ ಹೋಗಿ ನಿಂತು ನೋಡಬೇಕು.

ಅದಕ್ಕೂ ಒಂದು ಆಟವುಂಟು. ಬ್ರೂಸ್ ಲ್ಯಾಂಕ್‌ಫರ್ಡ್ ಎಂಬ ನೀರಾವರಿ ವಿದ್ವಾಂಸರು ಆಫ್ರಿಕದ ಟಾಂಜಾನಿಯದಲ್ಲಿ ಅದನ್ನು ರೈತರಿಂದ ಆಡಿಸಿದರು. ದೊಡ್ಡದೊಂದು ಮರದ ಹಲಗೆಯನ್ನು ಇಳಿಜಾರಾಗಿ ಇಟ್ಟು, ನಡುವೆ ನದಿಯ ಹಾದಿ ಕೊರೆದು, ಗಾಜಿನ ಗೋಲಿಗಳನ್ನು ಹರಿಯಬಿಡುತ್ತಾರೆ. ಗೋಲಿಯೇ ನೀರು. ಆಟಗಾರರು ಸಣ್ಣ ಕಡ್ಡಿಗಳನ್ನು ಅಡ್ಡವಿಟ್ಟು ಗೋಲಿಗಳನ್ನು ತಮ್ಮ ತಮ್ಮ ಗದ್ದೆಗೆ ತಿರುಗಿಸಿಕೊಳ್ಳಬೇಕು. ಎಲ್ಲರೂ ತಮ್ಮದನ್ನೇ ನೋಡಿಕೊಂಡರೆ ಮೇಲಿನ ಗದ್ದೆಗಳು ತುಂಬುತ್ತವೆ, ಕೆಳಗಿನವರ ಕೈ ಬರಿದಾಗುತ್ತದೆ. ಆಗ ಮಾತುಕತೆ ಹುಟ್ಟುತ್ತದೆ: ಯಾರ ಕಡ್ಡಿ ಎಷ್ಟು ಉದ್ದವಿರಬೇಕು, ಯಾರ ಸರದಿ ಎಂದು.

1965ರ ನೀರಾವರಿ ಕಾಯಿದೆಗೆ 2000ದಲ್ಲಿ ತಿದ್ದುಪಡಿಯಾಗಿ, ನೀರು ಬಳಕೆದಾರರ ಸಹಕಾರ ಸಂಘಗಳಿಗೆ ನಮ್ಮ ರಾಜ್ಯದಲ್ಲಿ ಕಾನೂನಿನ ಆಸರೆ ದೊರೆಯಿತು. ಅಂಥ ಸಂಘದ ಸಭೆಯಲ್ಲಿ ಕೊನೆಯ ತೂಬಿನವನು ಹಿಂದಿನ ಸಾಲಿನಲ್ಲಿ ಕುಳಿತು, ಸಹಿ ಹಾಕಿ ಎದ್ದುಹೋದರೆ ಅದನ್ನು ಒಮ್ಮತವೆಂದು ಬರೆದುಕೊಳ್ಳುವುದು ಹೇಗೆ? ನಡಾವಳಿ ಪುಸ್ತಕ ತೆರೆಯುವ ಮೊದಲು ಒಂದು ಗಂಟೆ ಈ ಆಟವಾಡಲಿ ಎಂಬುದು ನನ್ನ ಸೂಚನೆ. ಅಧ್ಯಕ್ಷರಿಗೆ ಹಲಗೆಯ ಕೆಳತುದಿಯ ಗದ್ದೆ, ಕೊನೆಯ ತೂಬಿನವನಿಗೆ ಮೇಲಿನದು. ಹಲಗೆಯನ್ನು ಊರ ಬಡಗಿ ಮಾಡಿಕೊಟ್ಟಾನು; ಗೋಲಿಗಳನ್ನು ಮಕ್ಕಳಿಂದ ಸಾಲ ತಂದರಾಯಿತು.