ಬೀಗ ಮನೆಯದು, ಕಾವಲು ಊರಿನದು
(ಸುಗ್ಗಿಗೆ ಮುಂಚೆ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಇನ್ನು ಕೆಲವೇ ದಿನಗಳಲ್ಲಿ ಸುಗ್ಗಿ. ಕಾಳು ಮನೆಗೆ ಬರುತ್ತದೆ, ಮಾರಿದ ಹಣ ಕೈಗೆ ಬರುತ್ತದೆ. ಅದರ ಬೆನ್ನಿಗೇ ಜಾತ್ರೆ, ಮದುವೆಗಳು. ಮನೆಯೊಳಗೆ ಹಣವಿದ್ದು ಮನೆಯವರು ಹೊರಗಿರುವ ಈ ಕಾಲವೇ ಕಳ್ಳನಿಗೂ ಸುಗ್ಗಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯಂತೆ ಆಗಬಾರದೆಂದು ಈ ಮಾತನ್ನು ಈಗಲೇ ಎತ್ತಿದ್ದೇನೆ.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ನಾನು ಹುಡುಗನಾಗಿದ್ದಾಗ ಒಮ್ಮೆ ತೇರಿನ ದಿನ ಬೀಗ ಹಾಕಿ ಎಲ್ಲರೂ ಜಾತ್ರೆಗೆ ಹೋದೆವು. ಬೀಗದ ಕೈಯನ್ನು ಎಂದಿನಂತೆ ಬಾಗಿಲ ಪಕ್ಕದ ದೀಪದ ಗೂಡಿನಲ್ಲಿಟ್ಟಿದ್ದೆವು. ತಿರುಗಿ ಬಂದಾಗ ಬೀಗ ಹಾಕಿದ ಹಾಗೆಯೇ ಇತ್ತು. ಒಳಗೆ ಶೇಂಗಾ ಮಾರಿದ ಹಣವಿರಲಿಲ್ಲ. ಅವ್ವನ ಗುಂಡಿನ ಸರವೂ ಇರಲಿಲ್ಲ. ಮಧ್ಯಾಹ್ನ ಕಂಬಳಿ ಮಾರುವವನೊಬ್ಬನು ಓಣಿಯಲ್ಲಿ ಸುಳಿದಿದ್ದನೆಂದು ಯಾರೋ ಹೇಳಿದರು. ಊರವರು ಅವನನ್ನು ಹಿಡಿದು ಕಂಬಕ್ಕೆ ಕಟ್ಟಿ ಹೊಡೆದರು. ನಾನೂ ಆ ಗುಂಪಿನಲ್ಲಿದ್ದೆ. ಕೆಲವು ತಿಂಗಳ ಮೇಲೆ ಸರ ಸಿಕ್ಕಿದ್ದು ಗೂಡಿನ ಗುಟ್ಟು ಬಲ್ಲ ನಮ್ಮ ನೆಂಟನೊಬ್ಬನ ಬಳಿ! ಸರ ಮನೆಗೆ ಬಂತು. ಕಂಬಳಿಯವನು ಮತ್ತೆ ನಮ್ಮೂರ ಕಡೆಗೆ ಬರಲಿಲ್ಲ.

ಆದುದರಿಂದ ಮೊದಲನೆಯ ಮಾತು: ಬೀಗದ ಕೈ ಗೂಡಿನಲ್ಲಾಗಲಿ, ತುಳಸಿಕಟ್ಟೆಯ ಸಂದಿನಲ್ಲಾಗಲಿ ಇರಕೂಡದು. ಅದು ನಿಮ್ಮ ಸೊಂಟದಲ್ಲಿರಲಿ. ಸುಗ್ಗಿಯ ಹಣ ಮಡಕೆಯಲ್ಲಿ, ಕಾಳಿನ ಚೀಲದಲ್ಲಿ ರಾತ್ರಿ ಕಳೆಯದಿರಲಿ. ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇರಲಿ. ಎಷ್ಟು ಹಣ ಬಂತೆಂಬುದನ್ನು ಚಹದ ಅಂಗಡಿಯಲ್ಲಿ ಹೇಳಬೇಕಾಗಿಲ್ಲ.

ಎರಡನೆಯದು ಬಾಗಿಲು. ದೊಡ್ಡ ಬೀಗ ತಂದವರು ಕೊಂಡಿಯನ್ನು ನೋಡುವುದಿಲ್ಲ. ಕಳ್ಳನು ಬೀಗ ಒಡೆಯುವ ಬದಲು ಸಡಿಲವಾದ ಕೊಂಡಿಯನ್ನೇ ಮೀಟಿ ಕೀಳುತ್ತಾನೆ. ಅದಕ್ಕೆ ಸಣ್ಣ ಮೊಳೆ ಸಾಲದು. ಹಲಗೆಯನ್ನು ದಾಟಿ ಒಳಗಡೆ ನಟ್ಟು ಬಿಗಿಯುವ ಬೋಲ್ಟು ಹಾಕಿಸಿರಿ. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಡ್ಡಗೋಲು ಇರಲಿ. ಹಾರೆ, ಗುದ್ದಲಿ, ಏಣಿಗಳನ್ನು ಅಂಗಳದಲ್ಲಿ ಬಿಡುತ್ತೇವೆ. ಹಾರೆಯಿಂದ ಗೋಡೆಗೆ ಕನ್ನ ಕೊರೆಯಬಹುದು, ಏಣಿ ಹತ್ತಿ ಹೆಂಚು ತೆಗೆಯಬಹುದು. ಬರಿಗೈಯಲ್ಲಿ ಬಂದ ಕಳ್ಳನಿಗೆ ಸಲಕರಣೆ ಒದಗಿಸಿದವರು ನಾವೇ ಆಗುತ್ತೇವೆ. ಇವು ರಾತ್ರಿ ಒಳಗಿರತಕ್ಕದ್ದು.

ತಾಯಂದಿರಿಗೆ ಒಂದು ಮಾತು. ಒಡವೆಗೆ ಹೊಳಪು ಕೊಡುತ್ತೇವೆಂದು ಹಗಲಿನಲ್ಲೇ ಬರುವವರುಂಟು. ಅವರು ಅದ್ದಿ ತೆಗೆಯುವ ದ್ರಾವಣ ಚಿನ್ನವನ್ನೇ ಕರಗಿಸುತ್ತದೆ. ಅಂಥವರ ಕೈಗೆ ಒಡವೆ ಕೊಡಬೇಡಿರಿ.

ಮೂರನೆಯದು ನೆರೆಮನೆ. ಊರಿಗೆ ಹೋಗುವಾಗ ಪಕ್ಕದ ಮನೆಯ ಅಕ್ಕನಿಗೋ ಅಣ್ಣನಿಗೋ ಹೇಳಿ ಹೋಗಿರಿ. ಸಂಜೆ ದೀಪ ಹಾಕುವಂತೆ ಕೇಳಿಕೊಳ್ಳಿರಿ. ಹಿಂದೆ ತಳವಾರ, ತೋಟಿಗಳು ಊರು ಕಾಯುತ್ತಿದ್ದರು. ವಂಶಪಾರಂಪರ್ಯದ ಆ ಹುದ್ದೆಗಳನ್ನು ರದ್ದು ಮಾಡುವ ಕಾಯಿದೆ 1961ರಲ್ಲಿ ಬಂತು. ಊರಿನವರೇ ದಳ ಕಟ್ಟಿಕೊಂಡು ಪೋಲೀಸರ ಮೇಲ್ವಿಚಾರಣೆಯಲ್ಲಿ ಕಾವಲಿರಲು 1964ರ ಗ್ರಾಮ ರಕ್ಷಣಾ ದಳಗಳ ಕಾಯಿದೆ ಎಡೆಮಾಡಿಕೊಟ್ಟಿತು. ಒಬ್ಬನ ಮೇಲೆ ಹೊರಿಸಿದ್ದ ಹೊಣೆ ಈಗ ಎಲ್ಲರದು. ಸುಗ್ಗಿಯ ತಿಂಗಳಲ್ಲಿ ಓಣಿಗೆ ಇಬ್ಬರಂತೆ ಸರದಿ ಗೊತ್ತುಮಾಡಿಕೊಂಡು, ಠಾಣೆಗೆ ತಿಳಿಸಿ, ಗಸ್ತು ತಿರುಗಿದರೆ ಯಾರಿಗೂ ಭಾರವಾಗದು.

ರಾತ್ರಿ ಸದ್ದಾದರೆ ಕತ್ತಲಲ್ಲಿ ಒಬ್ಬರೇ ಮೈಮೇಲೆ ಬೀಳಲು ಹೋಗಬೇಡಿರಿ. ದೀಪ ಹಾಕಿರಿ, ಕೂಗಿರಿ, 112ಕ್ಕೆ ಫೋನು ಮಾಡಿರಿ. ಒಡವೆ ಮತ್ತೆ ಮಾಡಿಸಬಹುದು, ಜೀವ ತರಲಾಗದು. ಬಂದು ನೋಡಿದಾಗ ಬಾಗಿಲು ಮುರಿದಿದ್ದರೆ ಒಳಹೋಗಿ ಎಲ್ಲವನ್ನೂ ಮುಟ್ಟಬೇಡಿರಿ. ಬೆರಳಿನ, ಹೆಜ್ಜೆಯ ಗುರುತು ಅಳಿದುಹೋಗುತ್ತವೆ. ಒಡವೆಯ ತೂಕ, ರಸೀದಿ, ಚಿತ್ರ, ಪಂಪಿನ ಮೋಟಾರಿನ ನಂಬರು, ದನದ ಕಿವಿಯೋಲೆಯ ನಂಬರು ಮೊದಲೇ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರೆ ದೂರಿಗೆ ಬಲ ಬರುತ್ತದೆ. ದೂರು ದಾಖಲಾದ ಮೇಲೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಅದಕ್ಕೆ ಹಣ ಕೊಡಬೇಕಾಗಿಲ್ಲ.

ಕಡೆಯದಾಗಿ, ಮೈಯನ್ನೂ ಮನೆಯನ್ನೂ ಕಾಪಾಡಿಕೊಳ್ಳಲು ಕಾಯಿದೆ ಹಕ್ಕು ಕೊಟ್ಟಿದೆ. ಆದರೆ ಅದಕ್ಕೆ ಬೇಕಾದಷ್ಟು ಬಲಕ್ಕೆ ಮಾತ್ರ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇದೇ ನಿಯಮವಿದೆ. ಕೈಗೆ ಸಿಕ್ಕವನನ್ನು ಪೋಲೀಸರಿಗೆ ಒಪ್ಪಿಸಬೇಕೇ ಹೊರತು ಕಟ್ಟಿ ಹೊಡೆಯುವುದು ಅಪರಾಧ. ಅಪರಿಚಿತನು ಬಂದರೆ ಹೆಸರು, ಊರು, ಕೆಲಸ ಕೇಳಿರಿ. ಕೇಳುವುದು ಎಚ್ಚರಿಕೆ, ಹೊಡೆಯುವುದು ಎಚ್ಚರಿಕೆಯಲ್ಲ. ಆ ಕಂಬಳಿಯವನ ಮುಖ ನನಗೆ ಇನ್ನೂ ಮರೆತಿಲ್ಲ.

ಇಂದು ಮನೆಗೆ ಹೋದೊಡನೆ ಮೊದಲು ಆ ಗೂಡಿನಿಂದ ಬೀಗದ ಕೈಯನ್ನು ತೆಗೆಯಿರಿ.