ಒಣಗುವುದಕ್ಕೂ ಒಂದು ಹದ

ಹಬ್ಬ ಮುಗಿದ ಮಾರನೇ ದಿನ ದೇವರ ಪಟದ ಸೇವಂತಿಗೆ, ಬಾಗಿಲ ಚೆಂಡುಹೂ ಎಲ್ಲ ಗಿಡದ ಬುಡ ಸೇರುತ್ತವೆ. ಗೊಬ್ಬರವಾಗಲಿ, ಬೇಡವೆನ್ನುವುದಿಲ್ಲ. ಆದರೆ ಮುಡಿಗೇರದೆ ಉಳಿದ ನಾಲ್ಕು ಗುಲಾಬಿಯನ್ನಾದರೂ ಒಣಗಿಸಿಡಬಹುದು.

ನಮ್ಮ ಸೀಮೆಗೆ ಒಣಗಿಸುವ ವಿದ್ಯೆ ಹೊಸದೇ? ರಾಮನಗರದ ಮಾರುಕಟ್ಟೆಯಿಂದ ತಂದ ರೇಷ್ಮೆಗೂಡಿಗೆ ಬಿಸಿ ತಾಗಿಸದಿದ್ದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ನೂಲು ತುಂಡಾಗುತ್ತದೆ. ಚನ್ನಪಟ್ಟಣದಲ್ಲಂತೂ ಆಲೆಮರ ಚೆನ್ನಾಗಿ ಆರದೆ ಗೊಂಬೆಯಾಗದು. ಹಸಿ ಮರ ಬಿರಿಯುತ್ತದೆ.

ಹೂವಿಗೆ ಮಾತ್ರ ಬಿಸಿಲು ಆಗದು, ಬಣ್ಣ ಹಾರುತ್ತದೆ. ಇಬ್ಬನಿ ಆರಿದ ಮೇಲೆ, ಪೂರ್ತಿ ಅರಳುವ ಮುಂಚೆಯೇ ಕೊಯ್ಯಿರಿ. ತೊಳೆದು ಒಣಗಿಸಿ ಜರಡಿ ಹಿಡಿದ ನುಣುಪು ಮರಳನ್ನು ಡಬ್ಬಿಯಲ್ಲಿ ಎರಡು ಬೆರಳಷ್ಟು ಹರಡಿ, ಹೂವನ್ನು ತೊಟ್ಟು ಕೆಳಗಾಗಿ ನಿಲ್ಲಿಸಿ. ಆಮೇಲೆ ಎಸಳುಗಳ ಸಂದಿಗೆ ಚಮಚದಿಂದ ಮೆಲ್ಲಗೆ ಮರಳು ಬಿಡಿ. ದಡಬಡ ಸುರಿದಿರೋ, ಹೂ ಅಪ್ಪಚ್ಚಿ! ಮುಚ್ಚಳ ಹಾಕದೆ ಗಾಳಿಯಾಡುವ ನೆರಳಲ್ಲಿಡಿ. ಸಿಲಿಕಾ ಜೆಲ್ ಬಳಸುವವರು ಮಾತ್ರ ಮುಚ್ಚಳ ಬಿಗಿ ಮಾಡಬೇಕು, ಇಲ್ಲವಾದರೆ ಅದು ಹೊರಗಿನ ತೇವವನ್ನೇ ಹೀರಿಕೊಂಡು ಕೂರುತ್ತದೆ.

ಕನಕಪುರ, ಮಾಗಡಿ ಕಡೆಯ ಸೇವಂತಿಗೆಗೂ ಇದೇ ಉಪಾಯ ನಡೆಯುತ್ತದೆ. ಮಲ್ಲಿಗೆಯ ಗೋಜಿಗೆ ಹೋಗಬೇಡಿ. ಕಂದು ತಿರುಗುತ್ತದೆ, ಪರಿಮಳವೂ ನಿಲ್ಲದು. ಅದನ್ನು ಇವತ್ತೇ ಮುಡಿದುಕೊಳ್ಳಿ.