ಕೆಸರುಗದ್ದೆಯ ಟ್ರ್ಯಾಕ್ಟರ್ ಅಮೆರಿಕಕ್ಕೆ ಹೋದದ್ದು ಹೇಗೆ?

ಮಕ್ಕಳೇ, ಸಿಂಧನೂರಿನಲ್ಲಿ ನೆಲ್ಲಿನ ಒಂದು ಚೀಲ ಅಂದರೆ 75 ಕಿಲೋ. ದರ ಹೇಳುವುದೂ ಅದೇ ಲೆಕ್ಕದಲ್ಲಿ. ಟ್ರ್ಯಾಕ್ಟರಿನ ಶಕ್ತಿ ಅಳೆಯುವುದಕ್ಕೂ ಇದೇ 75 ಬೇಕು ಅಂದರೆ ನಂಬುತ್ತೀರಾ? 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲಕ್ಕೆತ್ತುವ ಶಕ್ತಿಯೇ ಮೆಟ್ರಿಕ್ ಲೆಕ್ಕದ ಒಂದು ಎಚ್‌ಪಿ, ಅಂದರೆ ಒಂದು ಅಶ್ವಶಕ್ತಿ. ಹಾಗಾದರೆ 40 ಎಚ್‌ಪಿ ಎಂಜಿನ್? ಒಂದೇ ಸೆಕೆಂಡಿನಲ್ಲಿ 40 ಚೀಲ, ಅಂದರೆ ಮೂರು ಟನ್ ನೆಲ್ಲನ್ನು ಒಂದು ಮೀಟರ್ ಎತ್ತುವಷ್ಟು ಬಲ ಅದಕ್ಕಿದೆ.

ಆದರೆ ಗದ್ದೆಗೆ ಇಳಿದಾಗ ಬಲವೊಂದಿದ್ದರೆ ಸಾಲದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ನಾಟಿಗೆ ಮೊದಲು ಗದ್ದೆಯನ್ನು ಕಲಸಿ ಕೆಸರು ಮಾಡುತ್ತಾರಲ್ಲ, ಯಾಕೆ? ಕಲಸಿದಾಗ ಮಣ್ಣಿನ ಸಣ್ಣ ಸಣ್ಣ ರಂಧ್ರಗಳು ಮುಚ್ಚಿಕೊಂಡು ನೀರು ಬೇಗ ಇಂಗುವುದಿಲ್ಲ. ಕಳೆಯೂ ಮಣ್ಣಿನೊಳಗೆ ಸೇರಿ ಕೊಳೆಯುತ್ತದೆ. ಈ ಕೆಸರಿನಲ್ಲಿ ರಬ್ಬರ್ ಟೈರಿನ ಗೀರುಗಳಲ್ಲಿ ಮಣ್ಣು ತುಂಬಿಕೊಂಡು ಗಾಲಿ ನಿಂತಲ್ಲೇ ತಿರುಗತೊಡಗುತ್ತದೆ. ಅದಕ್ಕೇ ಟೈರ್ ತೆಗೆದು, ಇಲ್ಲವೇ ಟೈರಿನ ಪಕ್ಕಕ್ಕೆ, ಕಬ್ಬಿಣದ ಪಟ್ಟಿಗಳ ಪಂಜರದಂಥ ಗಾಲಿ, ಅಂದರೆ ಕೇಜ್ ವೀಲ್ ಹಾಕುತ್ತಾರೆ. ಅದರ ಪಟ್ಟಿಗಳು ಕೆಸರನ್ನು ಹಿಂದಕ್ಕೆ ತಳ್ಳುತ್ತವೆ, ಟ್ರ್ಯಾಕ್ಟರ್ ಮುಂದಕ್ಕೆ ಹೋಗುತ್ತದೆ. ಗಾಲಿ ಅಗಲವಾಗಿರುವುದರಿಂದ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ಒತ್ತಡ ಕಡಿಮೆಯಾಗುತ್ತದೆ, ಹೂತುಕೊಳ್ಳುವುದೂ ಕಡಿಮೆ. ಅದೇ ಗಾಲಿ ಡಾಂಬರು ರಸ್ತೆಗೆ ಬಂದರೆ? ಗಟ್ಟಿ ನೆಲದಲ್ಲಿ ಇಡೀ ಭಾರ ಒಂದೆರಡು ಪಟ್ಟಿಗಳ ಮೇಲೆಯೇ ಬೀಳುತ್ತದೆ, ಒತ್ತಡ ವಿಪರೀತ ಏರಿ ರಸ್ತೆ ಕಿತ್ತುಹೋಗುತ್ತದೆ. ಕೇಜ್ ವೀಲ್ ಹಾಕಿಕೊಂಡು ರಸ್ತೆಗೆ ಬರಬೇಡಿ ಎಂದು ಅಧಿಕಾರಿಗಳು ಗದರುವುದು ಇದಕ್ಕೇ.

ಲಿಂಗಸುಗೂರು ಕಡೆಯ ಎರೆ ಹೊಲದ ಗುಣ ಬೇರೆ. ಎರೆಮಣ್ಣಿನ ಕಣಗಳು ತೆಳ್ಳನೆಯ ಪದರಗಳಾಗಿರುತ್ತವೆ. ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬಿ ಅಂಟಾಗುತ್ತದೆ. ಒಣಗಿದರೆ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅಲ್ಲಿ ನೇಗಿಲು ಎಳೆಯಲು ಗಟ್ಟಿ ಎಳೆತ ಬೇಕು. ನೀರಾವರಿಯ ಕೆಸರು, ಎರೆಯ ಹೆಂಟೆ, ಬೇಸಿಗೆಯ ಧೂಳು, ಊರಿಂದೂರಿಗೆ ಟ್ರೇಲರ್ ಎಳೆಯುವ ಕೆಲಸ, ಎಲ್ಲಕ್ಕೂ ಒಂದೇ ಯಂತ್ರ. ಬೆಲೆಯೂ ರೈತನ ಕೈಗೆಟುಕಬೇಕು. ಭಾರತದ ಟ್ರ್ಯಾಕ್ಟರ್ ಕಂಪನಿಗಳು ಬೆಳೆದದ್ದು ಇಂಥ ಹೊಲಗಳಲ್ಲೇ.

ಅವುಗಳಲ್ಲಿ ಮಹೀಂದ್ರಾ ಕಂಪನಿಯ ಕಥೆ ಕೇಳಿ. 1945ರಲ್ಲಿ ಶುರುವಾದ ಈ ಕಂಪನಿಗೆ ಮೊದಲು ಟ್ರ್ಯಾಕ್ಟರ್ ಮಾಡುವ ವಿದ್ಯೆ ಗೊತ್ತಿರಲಿಲ್ಲ. 1963ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಜೊತೆ ಸೇರಿ ಅದನ್ನು ಕಲಿಯಿತು. ಮುಂದೆ ಕಲಿಸಿದ ಕಂಪನಿಯೇ ಕಷ್ಟಕ್ಕೆ ಸಿಕ್ಕಿ 1985ರಲ್ಲಿ ತನ್ನ ಕೃಷಿಯಂತ್ರಗಳ ವಿಭಾಗವನ್ನು ಮಾರಿಬಿಟ್ಟಿತು. ಕಲಿತ ಕಂಪನಿ 1994ರಲ್ಲಿ ಅಮೆರಿಕದಲ್ಲಿ ಅಂಗಡಿ ತೆರೆಯಿತು!

ಅಲ್ಲಿನ ದೊಡ್ಡ ರೈತರು ನೂರಾರು ಎಚ್‌ಪಿಯ ಯಂತ್ರ ಬಳಸುತ್ತಾರೆ. ಅವರಿಗೆ ನಮ್ಮ ಟ್ರ್ಯಾಕ್ಟರ್ ಯಾಕೆ ಬೇಕು? ಅವರಿಗೆ ಬೇಡ. ಆದರೆ ಕೆಲವೇ ಎಕರೆ ಜಮೀನಿಟ್ಟುಕೊಂಡು ಕುದುರೆ ಸಾಕುವವರು, ಹುಲ್ಲು ಬೆಳೆಯುವವರು ಅಲ್ಲಿಯೂ ಇದ್ದಾರೆ. ಅವರಿಗೆ ಬೇಕಿದ್ದದ್ದು ಚಿಕ್ಕ, ಗಟ್ಟಿ, ಅಗ್ಗದ ಟ್ರ್ಯಾಕ್ಟರ್. ಮಹೀಂದ್ರಾ ಕಣ್ಣಿಟ್ಟದ್ದು ಅವರ ಮೇಲೆ. 2015ರಲ್ಲಿ ಅದು ಜಪಾನಿನ ಮಿತ್ಸುಬಿಷಿಯ ಕೃಷಿಯಂತ್ರ ಕಂಪನಿಯಲ್ಲಿ ಮೂರನೇ ಒಂದು ಪಾಲು ಕೊಂಡಿತು. ಆಮೇಲೆ ಟರ್ಕಿಗೂ ಕಾಲಿಟ್ಟಿತು. ಇವತ್ತು ಎಣಿಕೆಯಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಟ್ರ್ಯಾಕ್ಟರ್ ಮಾಡುವ ಕಂಪನಿ ಇದೇ. ಹಣದ ಲೆಕ್ಕ ಹಾಕಿದರೆ ಅಮೆರಿಕದ ಜಾನ್ ಡಿಯರ್ ಮುಂದಿದೆ. ಅದರ ಯಂತ್ರಗಳು ದೊಡ್ಡವು, ಬೆಲೆಯೂ ದೊಡ್ಡದು. ಮಹೀಂದ್ರಾದ ಒಂದು ಟ್ರ್ಯಾಕ್ಟರ್ ಕಾರ್ಖಾನೆ ನಮ್ಮ ಬೀದರಿನ ನೆರೆಯ ಜಹೀರಾಬಾದಿನಲ್ಲೇ ಇದೆ.

ಹೀಗೆ ಹಲವು ದೇಶಗಳಲ್ಲಿ ಕಾರ್ಖಾನೆ, ಅಂಗಡಿ, ಪಾಲು ಇಟ್ಟುಕೊಂಡು ನಡೆಯುವುದಕ್ಕೆ ಬಹುರಾಷ್ಟ್ರೀಯ ಕಂಪನಿ ಎನ್ನುತ್ತಾರೆ. ಹಿಂದೆ ಇವು ಹೆಚ್ಚಾಗಿ ಇಂಗ್ಲೆಂಡ್, ಅಮೆರಿಕ, ಜಪಾನಿನಂಥ ಶ್ರೀಮಂತ ದೇಶಗಳಲ್ಲೇ ಹುಟ್ಟುತ್ತಿದ್ದವು. ಈಗ ಭಾರತ, ಬ್ರೆಜಿಲ್, ಚೀನಾದಿಂದಲೂ ಹೊರಡುತ್ತಿವೆ. ಬ್ರೆಜಿಲ್‌ನಲ್ಲಿ 1969ರಲ್ಲಿ ಹುಟ್ಟಿದ ಎಂಬ್ರೇಯರ್ ಕಂಪನಿಯ ವಿಮಾನಗಳು ನಮ್ಮ ಕರ್ನಾಟಕದ ಊರುಗಳಿಗೂ ಹಾರಿ ಬಂದಿವೆ.

ನಮ್ಮ ರಾಯಚೂರು ಜಿಲ್ಲೆ ಇದರ ತಿರುವುಮುರುವನ್ನೂ, ಅಂದರೆ ಹೊರಗಿನ ಕಂಪನಿ ಇಲ್ಲಿಗೆ ಬಂದದ್ದನ್ನೂ ಕಂಡಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ 20ನೇ ಶತಮಾನದ ಆರಂಭದಲ್ಲಿ ಚಿನ್ನ ತೆಗೆದದ್ದು ಬ್ರಿಟಿಷ್ ಕಂಪನಿ. ಇಂದು ಹಟ್ಟಿ ಗಣಿ ಕರ್ನಾಟಕ ಸರ್ಕಾರದ್ದು.

ಅಂದು ಹೊರಗಿನ ಕಂಪನಿ ಇಲ್ಲಿಗೆ ಬಂದಾಗ ಕೇಳಬೇಕಿದ್ದ ಪ್ರಶ್ನೆಗಳು ಯಾವುವು? ಕೆಲಸ ಯಾರಿಗೆ ಸಿಕ್ಕಿತು, ಲಾಭ ಎಲ್ಲಿಗೆ ಹೋಯಿತು, ವಿದ್ಯೆ ಇಲ್ಲಿ ಉಳಿಯಿತೇ? ಇಂದು ನಮ್ಮ ಕಂಪನಿ ಬೇರೆ ದೇಶಕ್ಕೆ ಹೋದಾಗ ಅಲ್ಲಿನ ಮಕ್ಕಳೂ ಇದನ್ನೇ ಕೇಳುತ್ತಾರೆ. ಕೇಳಬೇಕು ಕೂಡ. 1963ರಲ್ಲಿ ಕಲಿತ ಟ್ರ್ಯಾಕ್ಟರ್ ವಿದ್ಯೆ ಇಲ್ಲಿ ಉಳಿದದ್ದಕ್ಕೇ 1994ರಲ್ಲಿ ನಾವು ಅಮೆರಿಕಕ್ಕೆ ಹೊರಡಲು ಆಯಿತು.